ಧೂಮಕೇತು ಬಂದರೂ ತಲೆ ಎತ್ತದವರ ಸಿನೆಮಾ

ನಮ್ಮ ಮನೆಯಲ್ಲಿ ಸಿನೆಮಾದ ಮೇಲೆ ವಾದ ಆಗುವುದು ಅಪರೂಪ. ರಾಜಕುಮಾರರ ಹಳೆಯ ಚಿತ್ರ ಬಂದರೆ ನಾನು ನೋಡುತ್ತೇನೆ, ಮರಾಠಿ ಧಾರಾವಾಹಿ ಹತ್ತಿದರೆ ಮನೆಯವರು ನೋಡುತ್ತಾರೆ, ಅಷ್ಟಕ್ಕೆ ಮುಗಿಯಿತು. ಆದರೆ ದೀಪಾವಳಿ ಸೂಟಿಗೆ ಪುಣೆಯಿಂದ ಸೊಲ್ಲಾಪುರಕ್ಕೆ ಬಂದ ಮೊಮ್ಮಗಳು ಒಂದು ಸಂಜೆ ಊಟವಾದ ಮೇಲೆ ಟಿ.ವಿ.ಗೆ ಒಂದು ಇಂಗ್ಲೀಷ್ ಚಿತ್ರ ಹಚ್ಚಿದಳು. ಅದರ ವಾದ ಇನ್ನೂ ಮುಗಿದಿಲ್ಲ.

ಚಿತ್ರದ ಹೆಸರು ‘ಡೋಂಟ್ ಲುಕ್ ಅಪ್’. ಅಂದರೆ ‘ಮೇಲೆ ನೋಡಬೇಡಿ’. 2021ರ ಡಿಸೆಂಬರ್ 10ಕ್ಕೆ ಕೆಲವೇ ಥಿಯೇಟರುಗಳಲ್ಲಿ, 24ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು. ನಿರ್ದೇಶಕ ಆಡಮ್ ಮೆಕೆ. ನಟರಂತೂ ಮದುವೆ ಮಂಟಪದಲ್ಲಿ ಬೀಗರು ನೆರೆದಂತೆ ನೆರೆದಿದ್ದಾರೆ: ಲಿಯೊನಾರ್ಡೊ ಡಿಕಾಪ್ರಿಯೊ, ಜೆನಿಫರ್ ಲಾರೆನ್ಸ್, ಮೆರಿಲ್ ಸ್ಟ್ರೀಪ್, ಕೇಟ್ ಬ್ಲಾಂಚೆಟ್, ಮಾರ್ಕ್ ರೈಲನ್ಸ್, ಜೋನಾ ಹಿಲ್. ನಾನು ಮ್ಯಾಟ್ರಿಕ್ ತನಕ ಓದಿದವ. ಅವರ ಮಾತಿನ ವೇಗಕ್ಕೆ ನನ್ನ ಇಂಗ್ಲೀಷ್ ಸಾಲಲಿಲ್ಲ. ನಡುನಡುವೆ ಮೊಮ್ಮಗಳೇ ಬಿಡಿಸಿ ಹೇಳಿದಳು.

ಕಥೆ ಸರಳ. ಒಬ್ಬ ಪ್ರೊಫೆಸರು, ಅವನ ಕೈಕೆಳಗೆ ಓದುವ ಒಬ್ಬ ಹುಡುಗಿ. ಐದರಿಂದ ಹತ್ತು ಕಿಲೋಮೀಟರ್ ಅಗಲದ ಧೂಮಕೇತು ಭೂಮಿಗೆ ನೇರವಾಗಿ ಬರುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಉಳಿದದ್ದು ಆರು ತಿಂಗಳು ಹದಿನಾಲ್ಕು ದಿನ. ಓಡಿ ಹೋಗಿ ರಾಷ್ಟ್ರಾಧ್ಯಕ್ಷೆಗೆ ಹೇಳಿದರೆ ಆಕೆಗೆ ಚುನಾವಣೆಯ ಚಿಂತೆ. ಟಿ.ವಿ.ಯವರಿಗೆ ಹೇಳಿದರೆ ಅವರಿಗೆ ಒಬ್ಬ ಹಾಡುಗಾರ್ತಿಯ ಪ್ರೇಮಪ್ರಕರಣವೇ ದೊಡ್ಡ ಸುದ್ದಿ. ಕಡೆಗೆ ಅಣುಬಾಂಬು ಹೊತ್ತ ರಾಕೆಟ್ಟುಗಳು ಹೊರಟೂ ಹೊರಡುತ್ತವೆ. ಅಷ್ಟರಲ್ಲಿ ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟ ಫೋನ್ ಕಂಪನಿಯ ಮಾಲಕ ಬಂದು, ಆ ಧೂಮಕೇತುವಿನಲ್ಲಿ ಬೆಲೆಬಾಳುವ ಖನಿಜಗಳಿವೆ, ಒಡೆದು ತುಂಡು ಮಾಡಿ ಇಳಿಸಿಕೊಳ್ಳೋಣ ಎನ್ನುತ್ತಾನೆ. ರಾಕೆಟ್ಟುಗಳು ಅರ್ಧ ದಾರಿಯಿಂದ ತಿರುಗುತ್ತವೆ. ಧೂಮಕೇತು ಬರಿಗಣ್ಣಿಗೆ ಕಾಣತೊಡಗಿದಾಗ ಅಧ್ಯಕ್ಷೆಯ ಪಕ್ಷದವರ ಘೋಷಣೆ ಏನು? ‘ಮೇಲೆ ನೋಡಬೇಡಿ.’

ಚಿತ್ರ ಮುಗಿದಾಗ ಮೊಮ್ಮಗಳ ಕಣ್ಣಲ್ಲಿ ನೀರು. ಮಗ ಮಾತ್ರ, “ಒಂದ ಜೋಕು ಎರಡ ತಾಸು ಎಳದಾರ. ಸಣ್ಣ ಹುಡುಗರಿಗೆ ತಿಳಿಸಿ ಹೇಳಿಧಂಗ ಹೇಳ್ತಾರ” ಎಂದ. ಮನೆಯವರದು ಬೇರೆಯೇ ದೂರು: “ಕಡೀಗೆ ಬಟ್ಟಿ ಇಲ್ದ ಮಂದಿ ತೋರಸ್ತಾರಲ್ರೀ, ಮನೀ ಮಂದಿ ಕುಂತು ನೋಡೂ ಸಿನೆಮಾ ಏನಿದು?” ಅದು ನಿಜ. ಬೈಗುಳವೂ ಸಾಕಷ್ಟಿದೆ. ಚಿಕ್ಕ ಮಕ್ಕಳಿರುವ ಮನೆಯವರು ಗಮನಿಸಬೇಕು.

ನಮ್ಮ ಮನೆಯಂತೆಯೇ ಜಗತ್ತೂ ಎರಡಾಗಿತ್ತಂತೆ. ವಿಮರ್ಶಕರಲ್ಲಿ ಮೆಚ್ಚಿದವರು ಅರ್ಧಕ್ಕಿಂತ ತುಸು ಹೆಚ್ಚು. ಉಳಿದವರು ಇದು ಜಂಬದ ಚಿತ್ರ, ವ್ಯಂಗ್ಯದಲ್ಲಿ ಸೂಕ್ಷ್ಮವಿಲ್ಲ, ನೋಡುವವರನ್ನೇ ದಡ್ಡರೆನ್ನುತ್ತದೆ ಎಂದು ಬರೆದರು. ಜನ ಮಾತ್ರ ಮುಗಿಬಿದ್ದು ನೋಡಿದರು. ಡಿಸೆಂಬರ್ 27ರಿಂದ ಜನವರಿ 2ರ ಒಂದೇ ವಾರದಲ್ಲಿ 15 ಕೋಟಿ ತಾಸಿಗೂ ಹೆಚ್ಚು ನೋಡಿದ್ದರು. ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಚಿತ್ರಕ್ಕೆ ಅಲ್ಲಿಯ ತನಕ ಅಷ್ಟು ಆಗಿರಲಿಲ್ಲ. ಆಸ್ಕರ್‌ಗೆ ನಾಲ್ಕು ವಿಭಾಗಗಳಲ್ಲಿ ಹೆಸರು ಬಂತು, ಒಂದೂ ದಕ್ಕಲಿಲ್ಲ. ಅಂಗಡಿಯಲ್ಲಿ ಗಿರಾಕಿ ತುಂಬಿದ್ದು, ಸಂಘದವರು ಮಾತ್ರ ಹಾರ ಹಾಕದಂತೆ.

ಬಹಳ ಮಂದಿ ಇದನ್ನು ಕೊರೊನಾದ ಕಥೆ ಎಂದುಕೊಂಡರು. ಹಾಗಲ್ಲ, ಚಿತ್ರದ ಸುದ್ದಿ 2019ರಲ್ಲಿಯೇ ಬಂದಿತ್ತು. ಕೊರೊನಾದಿಂದ ಚಿತ್ರೀಕರಣ ತಡವಾಯಿತು. ಮೆಕೆ ಅವರ ಮನಸ್ಸಿನಲ್ಲಿದ್ದದ್ದು ಭೂಮಿ ಕಾಯುತ್ತಿರುವ ಸಂಗತಿ. ಪೀಟರ್ ಕಾಲ್ಮಸ್ ಎಂಬ ಹವಾಮಾನ ವಿಜ್ಞಾನಿ, ತಮ್ಮಂಥವರು ದಿನಾ ಅನುಭವಿಸುವುದೇ ಇದು ಎಂದು ಪತ್ರಿಕೆಯಲ್ಲಿ ಬರೆದರು. ಇದಕ್ಕೆ ಎದುರು ಹೇಳಿದವರ ಮಾತಿನಲ್ಲಿಯೂ ತೂಕವಿದೆ. ಧೂಮಕೇತು ನಾವು ಮಾಡಿದ್ದಲ್ಲ, ಬಂದರೆ ಒಂದೇ ಪೆಟ್ಟು. ಕಾವು ಹಾಗಲ್ಲ, ನಮ್ಮ ಗಿರಣಿ, ನಮ್ಮ ಗಾಡಿ, ನಮ್ಮ ಏ.ಸಿ.ಯಿಂದ ನಿಧಾನವಾಗಿ ಏರುವಂಥದ್ದು. ಒಂದು ರಾಕೆಟ್ಟಿನಿಂದ ತೀರುವುದಿಲ್ಲ. ಇದರಲ್ಲಿ ನಾನು ಮಗನ ಕಡೆ.

ಆದರೆ ‘ಸೂಕ್ಷ್ಮವಿಲ್ಲ’ ಎಂಬ ಮಾತನ್ನು ಒಪ್ಪಲಾರೆ. ಏಕೆಂದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬಟ್ಟೆ ಅಂಗಡಿಯ ಮುನೀಮರು ನಮ್ಮ ತಂದೆಯವರ ಕಾಲದವರು. ಶ್ರಾವಣದಲ್ಲಿ ಒಂದು ದಿನ, “ಸಾವಕಾರ್ರ, ಮಾಳಗಿ ಮ್ಯಾಲಿನ ವಾಯರು ಸುಟ್ಟ ವಾಸನಿ ಬರ್ತೈತ್ರಿ” ಎಂದರು. ದೀಪಾವಳಿ ಆಗಲಿ ಎಂದೆ. ಮತ್ತೆ ಹೇಳಿದರು. ಸೀಜನ್ನಿನಲ್ಲಿ ಅಂಗಡಿ ಬಾಗಿಲು ಹಾಕಲು ಬರುತ್ತದೆಯೇ ಎಂದು ರೇಗಿದೆ. ಮೂರನೆಯ ಸಲ ಅವರು ಹೇಳಲಿಲ್ಲ. ನವರಾತ್ರಿಯ ಒಂದು ನಸುಕಿನಲ್ಲಿ ಮಾಳಿಗೆಯಲ್ಲಿ ಪೇರಿಸಿದ್ದ ಚಾದರುಗಳೆಲ್ಲ ಸುಟ್ಟವು. ಯಾರಿಗೂ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ವಾಯರಿಂಗಿಗೆ ಆಗುತ್ತಿದ್ದ ಖರ್ಚು ಒಂದು ಗಂಟು ಚಾದರಿನಷ್ಟೂ ಇರಲಿಲ್ಲ. ಚಿತ್ರದಲ್ಲಿ ಆ ಹುಡುಗಿ ಟಿ.ವಿ.ಯಲ್ಲಿ ಚೀರಿದಾಗ ಎಲ್ಲರೂ ನಗುತ್ತಾರಲ್ಲ, ಆಗ ನನಗೆ ಮುನೀಮರ ಮುಖ ಕಂಡಿತು.

ಇನ್ನೊಂದು ಸಣ್ಣ ಸಂಗತಿ, ವ್ಯಾಪಾರಿಗಳಾದ ನಮಗೆ ತಟ್ಟುವಂಥದ್ದು. ಅಧ್ಯಕ್ಷರ ಭವನದಲ್ಲಿ ತಾಸುಗಟ್ಟಲೆ ಕಾಯುತ್ತಿದ್ದಾಗ ಒಬ್ಬ ಸೇನಾ ಜನರಲ್ ಇವರಿಗೆ ತಿಂಡಿ, ನೀರು ತಂದುಕೊಟ್ಟು ರೊಕ್ಕ ಇಸಿದುಕೊಳ್ಳುತ್ತಾನೆ. ಆಮೇಲೆ ನೋಡಿದರೆ ಅಲ್ಲಿ ಅವು ಪುಕ್ಕಟೆ! ಅಷ್ಟು ದೊಡ್ಡ ಹುದ್ದೆಯವ ಚಿಲ್ಲರೆಗೆ ಯಾಕೆ ಕೈಯೊಡ್ಡಿದ ಎಂದು ಹುಡುಗಿ ಚಿತ್ರದುದ್ದಕ್ಕೂ ತಲೆ ಕೆಡಿಸಿಕೊಳ್ಳುತ್ತಾಳೆ. ಮಗನಿಗೆ ಇದೊಂದೇ ಜೋಕು ಹಿಡಿಸಿತು. ನನಗೂ.

ಧೂಮಕೇತುವಿನ ಮಾತು ಬರೀ ಕಟ್ಟುಕಥೆಯೂ ಅಲ್ಲ. 2013ರ ಫೆಬ್ರುವರಿ 15ಕ್ಕೆ ರಷ್ಯದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಸುಮಾರು 20 ಮೀಟರಿನ ಕಲ್ಲು ಆಕಾಶದಲ್ಲಿಯೇ ಸಿಡಿದು, ಕಿಟಕಿಯ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. 2022ರ ಸೆಪ್ಟೆಂಬರ್ 26ಕ್ಕೆ ಅಮೇರಿಕೆಯ ನಾಸಾದವರು ‘ಡಾರ್ಟ್’ ಎಂಬ ನೌಕೆಯನ್ನು ಡೈಮಾರ್ಫಸ್ ಎಂಬ ಪುಟ್ಟ ಆಕಾಶಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆಸಿದರು. ಅದು ಒಂದು ಸುತ್ತು ಹಾಕುವ ಸಮಯ 32 ನಿಮಿಷ ಕಡಿಮೆಯಾಯಿತು. 2025ರ ಆರಂಭದಲ್ಲಿ ಇನ್ನೊಂದು ಕಲ್ಲು 2032ರಲ್ಲಿ ಭೂಮಿಗೆ ಬಡಿಯುವ ಸಂಭವ ನೂರಕ್ಕೆ ಮೂರು ಎಂದು ಲೆಕ್ಕ ಬಂದಾಗ, ಯಾರೂ ನಗದೆ ದುರ್ಬೀನು ಹಚ್ಚಿ ನೋಡುತ್ತ ಕುಳಿತರು. ಕೆಲವೇ ವಾರಗಳಲ್ಲಿ ಭಯವಿಲ್ಲ ಎಂದು ಗೊತ್ತಾಯಿತು. ಇವನ್ನೆಲ್ಲ ಮೊಮ್ಮಗಳೇ ಹೇಳಿದ್ದು.

ನಮ್ಮ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರ ಕೆರೆಯೂ ಹೀಗೆ ಉಲ್ಕೆ ಬಿದ್ದು ಆದ ಕುಳಿ ಎಂದಾಗ ಮನೆಯವರು ಕಿವಿ ನಿಮಿರಿಸಿದರು. ಸುಮಾರು 1.8 ಕಿಲೋಮೀಟರ್ ಅಗಲ, ಕರಿಕಲ್ಲಿನ ನೆಲದಲ್ಲಿ.

“ಅಜ್ಜಾ, ಬ್ಯಾಸಗಿ ಸೂಟೀಗೆ ಹೋಗೂಣ?” ಎಂದಳು.

ಬೇಸಿಗೆಗೆ ಮದುವೆ ಸೀಜನ್ನು, ದೀಪಾವಳಿ ಆಗಲಿ ಎಂದು ಹೇಳಹೊರಟಿದ್ದೆ. ಮಗ ನನ್ನ ಮುಖ ನೋಡಿ ನಕ್ಕ.