"ಏನೂ ಬೇಡ ಮಾಮ" ಎನ್ನುವ ಹುಡುಗನಿಗೆ ಏನು ಕೊಡುವುದು?

ನನ್ನ ಅಕ್ಕನ ಮಗನಿಗೆ ಈಗ 20 ವರ್ಷ. ಹುಟ್ಟಿದ್ದು, ಬೆಳೆದಿದ್ದು ಎಲ್ಲ ಲಂಡನ್ನಿನ ಹಾರೋದಲ್ಲಿ. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಎರಡು ವಾರ ಇರುವಾಗ ಅವನಿಗೆ ಫೋನ್ ಮಾಡಿ ಏನು ಬೇಕು ಎಂದು ಕೇಳುತ್ತೇನೆ. ಪ್ರತಿ ವರ್ಷ ಒಂದೇ ಉತ್ತರ: "ಏನೂ ಬೇಡ ಮಾಮ."

ಸಂಕೋಚಕ್ಕೆ ಹೇಳುವ ಮಾತಲ್ಲ ಅದು. ನಿಜಕ್ಕೂ ಅವನಿಗೆ ಕೊಡಬಹುದಾದ್ದು ಏನೂ ತೋಚುವುದಿಲ್ಲ. ಒಮ್ಮೆ ಅಂಗಿ ಕೊಟ್ಟೆ, ಬೆಲೆಚೀಟಿ ಇನ್ನೂ ಅದಕ್ಕೇ ಅಂಟಿಕೊಂಡಿದೆ. ಇನ್ನೊಮ್ಮೆ ಒಂದು ಅಂಗಡಿಯ 50 ಪೌಂಡಿನ ಗಿಫ್ಟ್ ಕಾರ್ಡ್ ಕೊಟ್ಟೆ. ಅವನು ಡ್ರಾಯರಿನಲ್ಲಿಟ್ಟು ಮರೆತ, ಅಷ್ಟರಲ್ಲಿ ಅಂಗಡಿಯೇ ಮುಚ್ಚಿತು. ಕಂಪನಿಗಳ ಲೆಕ್ಕಪತ್ರ ಓದುವುದೇ ನನ್ನ ಕೆಲಸ. ಗಿಫ್ಟ್ ಕಾರ್ಡ್ ಎಂದರೆ ನಾವು ಅಂಗಡಿಗೆ ಬಡ್ಡಿಯಿಲ್ಲದೆ ಕೊಡುವ ಸಾಲ, ಅಂಗಡಿ ದಿವಾಳಿಯಾದರೆ ನಾವು ಭದ್ರತೆಯಿಲ್ಲದ ಸಾಲಗಾರರ ಸಾಲಿನ ಕೊನೆಯಲ್ಲಿ ನಿಲ್ಲುತ್ತೇವೆ ಎಂದು ನನಗೆ ಗೊತ್ತಿರಬೇಕಿತ್ತು.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಅದು ಅವನ 18ನೇ ಹುಟ್ಟುಹಬ್ಬದಂದು ಆಯಿತು.

ಸಾವಿರ ಪೌಂಡಿನ ಕಥೆ

18 ತುಂಬಿದ ದಿನ ಅವನಿಗೆ 1,000 ಪೌಂಡ್ ಕೊಟ್ಟೆ. ಜೊತೆಗೆ ಒಂದು ಷರತ್ತು: ಇದನ್ನು ಲೈಫ್‌ಟೈಮ್ ಐಸಾದಲ್ಲೇ ಹಾಕಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇರಲಿಲ್ಲ. 18ರಿಂದ 39 ವರ್ಷದೊಳಗಿನವರು ಈ ಖಾತೆ ತೆರೆಯಬಹುದು. ವರ್ಷಕ್ಕೆ 4,000 ಪೌಂಡ್‌ವರೆಗೆ ಹಾಕಬಹುದು, ಹಾಕಿದ್ದಕ್ಕೆ ಸರ್ಕಾರ ಶೇ 25 ಬೋನಸ್ ಸೇರಿಸುತ್ತದೆ. ಅವನ 1,000 ಕೂತಲ್ಲೇ 1,250 ಆಯಿತು. ನನಗೆ ಬಹಳ ಹೆಮ್ಮೆಯಾಯಿತು. ಆಮೇಲೆ ಸಿಕ್ಕಾಗಲೆಲ್ಲ ಕೇಳತೊಡಗಿದೆ: "ಎಷ್ಟಾಯ್ತು? ಇನ್ನೂ ಸ್ವಲ್ಪ ಹಾಕಿದೆಯಾ?"

ಮುಂದಿನ ವರ್ಷ ದೀಪಾವಳಿ ಊಟಕ್ಕೆ ಅಕ್ಕನ ಮನೆಯಲ್ಲಿ ಸೇರಿದ್ದಾಗ, ಎಲ್ಲರ ಎದುರೇ ಮತ್ತೆ ಕೇಳಿದೆ. ಅವನು ತಟ್ಟೆ ನೋಡುತ್ತ, "ಅದು ಈಗ ಇಲ್ಲ ಮಾಮ" ಅಂದ.

ಆದದ್ದು ಇಷ್ಟು. ಎರಡನೆಯ ವರ್ಷದ ಓದಿಗೆ ಗೆಳೆಯರ ಜೊತೆ ಮೈಲ್ ಎಂಡ್ ಹತ್ತಿರ ಮನೆ ಮಾಡಿದ. ಅವನ ಕೋಣೆಗೆ ತಿಂಗಳಿಗೆ 800 ಪೌಂಡ್ ಬಾಡಿಗೆ. ಇಂಗ್ಲೆಂಡಿನಲ್ಲಿ 2019ರ ಕಾನೂನಿನ ಪ್ರಕಾರ ಇಂಥ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಆ ಲೆಕ್ಕದಲ್ಲಿ 923 ಪೌಂಡ್ ಬೇಕಾಯಿತು. ಕೈಯಲ್ಲಿ ಇರಲಿಲ್ಲ. ಐಸಾದಿಂದ ಪೂರ್ತಿ ತೆಗೆದ.

ಮೊದಲ ಮನೆ ಕೊಳ್ಳಲು ಅಥವಾ 60 ವರ್ಷವಾದ ಮೇಲೆ ಬಿಟ್ಟು ಬೇರೆ ಕಾರಣಕ್ಕೆ ತೆಗೆದರೆ ಈ ಖಾತೆಗೆ ಶೇ 25 ದಂಡ. ಬೋನಸ್ ಮಾತ್ರ ವಾಪಸ್ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ದಂಡ ಬೀಳುವುದು ಒಟ್ಟು ಮೊತ್ತದ ಮೇಲೆ. 1,250ರ ಕಾಲುಭಾಗ 312.50. ಕೈಗೆ ಬಂದದ್ದು 937.50. ಅಂದರೆ ಬೋನಸ್ಸಿನ 250 ಹೋಗಿದ್ದಲ್ಲದೆ, ಅಸಲಿನಲ್ಲೂ 62.50 ಪೌಂಡ್ ಹೋಯಿತು.

"ನನ್ನನ್ನು ಕೇಳಬಾರದಿತ್ತಾ? ಡಿಪಾಸಿಟ್ ದುಡ್ಡು ನಾನೇ ಕೊಡುತ್ತಿದ್ದೆ" ಅಂದೆ. ಊಟವಾದ ಮೇಲೆ, ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಉತ್ತರ ಕೊಟ್ಟ. "ಕೇಳಿದ್ದರೆ ನೀವು ಲೆಕ್ಕ ಹೇಳ್ತಿದ್ರಿ ಮಾಮ. ಅಲ್ಲ, ಅದು ನನ್ನ ದುಡ್ಡಾಗಿತ್ತಾ, ನಿಮ್ಮ ದುಡ್ಡಾಗಿತ್ತಾ?"

62.50 ಪೌಂಡ್ ದೊಡ್ಡ ನಷ್ಟವಲ್ಲ. ಕಷ್ಟದಲ್ಲಿದ್ದ ಹುಡುಗ, ಹಣಕಾಸೇ ಕಸುಬಾಗಿರುವ ಮಾಮನಿಗೆ ಫೋನ್ ಮಾಡಲು ಹಿಂಜರಿದನಲ್ಲ, ಅದು ನಷ್ಟ.

ಮುಯ್ಯಿಯೋ, ಉಡುಗೊರೆಯೋ?

ನಮ್ಮೂರಿನ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಪುಸ್ತಕ ಹಿಡಿದು ಕೂರುತ್ತಿದ್ದರು. ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಅದರಲ್ಲಿರುತ್ತಿತ್ತು. ಮುಂದೆ ಅವರ ಮನೆಯ ಮದುವೆಗೆ ಅಷ್ಟಾದರೂ ಹಿಂತಿರುಗಿಸಬೇಕು. ಅದರಲ್ಲಿ ತಪ್ಪೇನಿಲ್ಲ, ಎರಡೂ ಕಡೆಯವರಿಗೆ ಅದು ಲೆಕ್ಕ ಎಂದು ಗೊತ್ತಿರುತ್ತದೆ. ನಾನು ಮಾಡಿದ್ದು ಮುಯ್ಯಿ ಹಾಕಿ ಅದನ್ನು ಉಡುಗೊರೆ ಎಂದು ಕರೆದದ್ದು.

ಬ್ರಿಟನ್ನಿನ ತೆರಿಗೆ ಕಾನೂನಿಗೂ ಈ ವ್ಯತ್ಯಾಸ ಗೊತ್ತು. ಮನೆಯನ್ನು ಮಕ್ಕಳ ಹೆಸರಿಗೆ ಬರೆದು, ಬಾಡಿಗೆ ಕೊಡದೆ ನೀವು ಅದರಲ್ಲೇ ವಾಸ ಮುಂದುವರಿಸಿದರೆ, ಉತ್ತರಾಧಿಕಾರ ತೆರಿಗೆಯ ಲೆಕ್ಕದಲ್ಲಿ ಆ ಮನೆ ಇನ್ನೂ ನಿಮ್ಮದೇ. ಕೊಟ್ಟೆ ಎಂದು ಹೇಳಿದರೆ ಸಾಲದು, ಕೈ ಬಿಡಬೇಕು. ನಮ್ಮವರು ಧಾರೆ ಎರೆದು ಕೊಡುವಾಗ ನೀರು ಬಿಡುವುದೂ ಇದಕ್ಕೇ ಅಲ್ಲವೇ?

ಇದನ್ನು ಮನಸ್ಸಿನಲ್ಲಿಟ್ಟುಕೊಂಡು, 18ರಿಂದ 25ರ ಮಕ್ಕಳಿಗೆ ಲಂಡನ್ನಿನಲ್ಲಿ ಏನು ಕೊಡಬಹುದು ಎಂದು ಒಂದೊಂದಾಗಿ ನೋಡೋಣ.

1. ಈಗಿರುವ ಖರ್ಚನ್ನು ಇಳಿಸುವ ಉಡುಗೊರೆ

"ಏನು ಬೇಕು?" ಎಂದು ಕೇಳಬೇಡಿ. "ಈ ತಿಂಗಳು ಯಾವುದಕ್ಕೆ ದುಡ್ಡು ಹೆಚ್ಚು ಹೋಯಿತು?" ಎಂದು ಕೇಳಿ. ನಮ್ಮ ಹುಡುಗನಿಗೆ ಉತ್ತರ ಕೂಡಲೇ ಬಂತು: ಓಡಾಟ. 16–25 ರೈಲ್‌ಕಾರ್ಡಿಗೆ ವರ್ಷಕ್ಕೆ 35 ಪೌಂಡ್. ರೈಲು ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಹಲವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಿಲ್ದಾಣದ ಸಿಬ್ಬಂದಿಗೆ ಹೇಳಿ ಇದನ್ನು ಆಯ್ಸ್ಟರ್ ಕಾರ್ಡಿಗೆ ಜೋಡಿಸಿಕೊಂಡರೆ ದಟ್ಟಣೆಯಿಲ್ಲದ ಹೊತ್ತಿನ ಟ್ಯೂಬ್ ಪ್ರಯಾಣಕ್ಕೂ ಅಷ್ಟೇ ರಿಯಾಯಿತಿ. ಬ್ಯಾಂಕ್ ಕಾರ್ಡ್ ತಾಗಿಸಿ ಓಡಾಡಿದರೆ ಸಿಗುವುದಿಲ್ಲ. ಅವನು ಎರಡು ವರ್ಷದಿಂದ ಬ್ಯಾಂಕ್ ಕಾರ್ಡ್ ತಾಗಿಸಿಕೊಂಡೇ ಓಡಾಡುತ್ತಿದ್ದ.

2. ನಗದು, ಷರತ್ತಿಲ್ಲದೆ

ನಗದು ಕೊಡುವುದು ಸೋಮಾರಿತನ ಎಂಬ ಭಾವನೆ ನಮ್ಮಲ್ಲಿದೆ. 20ರ ಹುಡುಗನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ತುರ್ತಿಗೆ ಕೈಗೆ ಸಿಗುವ ಹಣ. ಅದಿದ್ದಿದ್ದರೆ ನನ್ನ ಕಥೆಯಲ್ಲಿ ದಂಡವೇ ಇರುತ್ತಿರಲಿಲ್ಲ. ಉಡುಗೊರೆಯಾಗಿ ಬಂದ ಹಣಕ್ಕೆ ಪಡೆದವರು ಇಲ್ಲಿ ಆದಾಯ ತೆರಿಗೆ ಕಟ್ಟಬೇಕಿಲ್ಲ. ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲದ ಕಾರಣ ವಿದ್ಯಾರ್ಥಿಯ ಬಡ್ಡಿಗೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಬೇಕೆಂದಾಗ ತೆಗೆಯಬಹುದಾದ ಮಾಮೂಲಿ ಉಳಿತಾಯ ಖಾತೆಯೇ ಸಾಕು.

ಪ್ರೀಮಿಯಂ ಬಾಂಡ್ ಕೊಡೋಣ ಎನ್ನುವವರಿಗೆ ಒಂದು ಮಾತು: 16 ವರ್ಷದೊಳಗಿನ ಮಕ್ಕಳಿಗೆ ಮಾತ್ರ ನಾವು ಕೊಳ್ಳಬಹುದು. ಅದಕ್ಕಿಂತ ದೊಡ್ಡವರು ತಾವೇ ಕೊಳ್ಳಬೇಕು, ಕನಿಷ್ಠ 25 ಪೌಂಡ್. ಬಡ್ಡಿ ಇಲ್ಲ, ಬಹುಮಾನ ಬಂದರೆ ಅದಕ್ಕೆ ತೆರಿಗೆ ಇಲ್ಲ.

3. ಲೈಫ್‌ಟೈಮ್ ಐಸಾ: ಯಾರಿಗೆ ಸರಿ?

ಖಾತೆ ಕೆಟ್ಟದ್ದಲ್ಲ, ನಾನು ಕೊಟ್ಟ ಹೊತ್ತು ತಪ್ಪಿತ್ತು. ತುರ್ತಿನ ಹಣ ಬೇರೆ ಇದ್ದು, ಈ ದೇಶದಲ್ಲೇ ಮನೆ ಕೊಳ್ಳುವ ಯೋಚನೆ ಇದ್ದವರಿಗೆ ಇದು ಒಳ್ಳೆಯದು. ಮೊದಲ ಬಾರಿ ಹಣ ಹಾಕಿ 12 ತಿಂಗಳಾಗಿರಬೇಕು, ಮನೆ ಯುಕೆಯಲ್ಲಿರಬೇಕು, ಗೃಹಸಾಲ ಪಡೆದೇ ಕೊಳ್ಳಬೇಕು, ಬೆಲೆ 4,50,000 ಪೌಂಡ್ ದಾಟಬಾರದು. ಈ ಮಿತಿ 2017ರಲ್ಲಿ ಖಾತೆ ಆರಂಭವಾದಾಗ ಎಷ್ಟಿತ್ತೋ ಅಷ್ಟೇ ಇದೆ. ಲಂಡನ್ನಿನ ಅನೇಕ ಕಡೆ ಅದು ಈಗ ಸಾಲದು. ಓದು ಮುಗಿಸಿ ಬೆಂಗಳೂರಿಗೋ ಅಮೆರಿಕಕ್ಕೋ ಹೋಗಬಹುದು ಎನ್ನುವ ಮಕ್ಕಳಿಗಂತೂ ಇದು ಬೀಗ ಹಾಕಿದ ಪೆಟ್ಟಿಗೆ.

4. ತಾತ ಕೊಡುವ ಫ್ಲ್ಯಾಟ್

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮೈಸೂರಿನಲ್ಲಿರುವ ನಮ್ಮ ತಂದೆಗೆ, ತಮ್ಮ ಹೆಸರಿನ ಒಂದು ಫ್ಲ್ಯಾಟನ್ನು ಮೊಮ್ಮಗನ ಹೆಸರಿಗೆ ಬರೆಯಬೇಕೆಂಬ ಆಸೆ. ಇದಕ್ಕಿಂತ ಪ್ರೀತಿಯ ಉಡುಗೊರೆ ಇನ್ನೊಂದಿಲ್ಲ. ಆದರೆ "ಮೊದಲ ಮನೆ ಕೊಳ್ಳುವವರು" ಎಂದರೆ ಇಲ್ಲಿ ಪ್ರಪಂಚದ ಎಲ್ಲೂ ಮನೆ ಹೊಂದಿರದವರು. ಮೈಸೂರಿನ ಫ್ಲ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ, ಉಡುಗೊರೆಯಾಗಿ ಬಂದಿದ್ದರೂ ಬರುತ್ತದೆ.

ಲೆಕ್ಕ ನೋಡಿ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ಇಂಗ್ಲೆಂಡಿನಲ್ಲಿ 4,50,000 ಪೌಂಡಿನ ಮನೆಗೆ ಮೊದಲ ಸಲ ಕೊಳ್ಳುವವರು ಕಟ್ಟುವ ಸ್ಟ್ಯಾಂಪ್ ಡ್ಯೂಟಿ 7,500. ಆ ಸೌಲಭ್ಯ ತಪ್ಪಿದರೆ 12,500. ಜೊತೆಗೆ, ಕೊಳ್ಳುವ ದಿನ ಹೆಸರಿನಲ್ಲಿ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದು ಮನೆ ಇದ್ದರೆ ಮೇಲೆ ಶೇ 5, ಅಂದರೆ 22,500. ಒಟ್ಟು 35,000. ತಾತನ ಫ್ಲ್ಯಾಟಿನಿಂದ ಮೊಮ್ಮಗನಿಗೆ 27,500 ಪೌಂಡ್ ಹೆಚ್ಚುವರಿ ಹೊರೆ, ಲೈಫ್‌ಟೈಮ್ ಐಸಾದ ಹಣವನ್ನು ದಂಡವಿಲ್ಲದೆ ಮನೆಗೆ ಬಳಸುವ ಅವಕಾಶವೂ ಹೋಗುತ್ತದೆ. ಫ್ಲ್ಯಾಟ್ ಕೊಡಲೇಬಾರದು ಎಂದಲ್ಲ. ಬರೆಯುವ ಮುನ್ನ ಈ ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. "ಹಾಗಾದರೆ ಅವನು ಅಲ್ಲಿ ಮನೆ ಮಾಡಲಿ, ಆಮೇಲೆ ನೋಡೋಣ" ಅಂದರು.

5. ಚಿನ್ನ

ನಮ್ಮಲ್ಲಿ 8 ಗ್ರಾಂ ಚಿನ್ನಕ್ಕೆ ಸವರನ್ ಎನ್ನುತ್ತೇವೆ, ಕರಾವಳಿಯಲ್ಲಿ ಪವನ್. ಎರಡು ಹೆಸರೂ ಈ ದೇಶದ ನಾಣ್ಯದಿಂದಲೇ ಬಂದವು: ಸಾವರಿನ್, ಮುಖಬೆಲೆ ಒಂದು ಪೌಂಡ್. 22 ಕ್ಯಾರೆಟ್, ತೂಕ 7.98 ಗ್ರಾಂ. ಇಲ್ಲಿ ಒಡವೆ ಕೊಂಡರೆ ಶೇ 20 ವ್ಯಾಟ್, ಹೂಡಿಕೆಯ ಚಿನ್ನವಾದ ಸಾವರಿನ್‌ಗೆ ವ್ಯಾಟ್ ಇಲ್ಲ. ಚಲಾವಣೆಯ ನಾಣ್ಯವಾದ್ದರಿಂದ ಮುಂದೆ ಮಾರಿದಾಗ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಊರಿನಿಂದ ಹೊಸ ಒಡವೆ ತರುವವರು, ವಿಮಾನದಲ್ಲಿ ಬರುವಾಗ ಸುಂಕವಿಲ್ಲದ ಮಿತಿ 390 ಪೌಂಡ್ ಎಂಬುದನ್ನು ನೆನಪಿಡಿ.

6. ಖರ್ಚೇ ಇಲ್ಲದ ಉಡುಗೊರೆ

ಕೊನೆಯದಾಗಿ ಹೇಳುತ್ತಿರುವ ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 2002ರ ಸೆಪ್ಟೆಂಬರ್ 1ರಿಂದ 2011ರ ಜನವರಿ 2ರೊಳಗೆ ಹುಟ್ಟಿ, ಚೈಲ್ಡ್ ಬೆನಿಫಿಟ್ ಬರುತ್ತಿದ್ದ ಇಲ್ಲಿನ ಮಕ್ಕಳಿಗೆ ಸರ್ಕಾರ ಚೈಲ್ಡ್ ಟ್ರಸ್ಟ್ ಫಂಡ್ ಕೊಟ್ಟಿತ್ತು. ಬಹುತೇಕರಿಗೆ ಆರಂಭದ ಮೊತ್ತ 250 ಪೌಂಡ್. ತಂದೆತಾಯಿ ಖಾತೆ ತೆರೆಯದಿದ್ದರೆ ಸರ್ಕಾರವೇ ತೆರೆದಿತ್ತು. 18 ತುಂಬಿದ ಮೇಲೂ ಕೇಳದೆ ಬಿದ್ದಿರುವ ಇಂಥ ಖಾತೆಗಳು ಲಕ್ಷಗಟ್ಟಲೆ ಇವೆ. ಆಗ ವೀಸಾದ ಮೇಲಿದ್ದು ಚೈಲ್ಡ್ ಬೆನಿಫಿಟ್ ಸಿಗದಿದ್ದ ಮನೆಗಳ ಮಕ್ಕಳಿಗೆ ಇದು ಇರುವುದಿಲ್ಲ. ಉಳಿದವರು ಸರ್ಕಾರದ ಜಾಲತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ಉಚಿತವಾಗಿ ಹುಡುಕಬಹುದು. ಹುಡುಕಿಕೊಡುತ್ತೇವೆಂದು ಪಾಲು ಕೇಳುವ ಕಂಪನಿಗಳ ಅಗತ್ಯವಿಲ್ಲ.

ನಮ್ಮ ಹುಡುಗ ಹುಟ್ಟಿದ್ದು 2005ರಲ್ಲಿ. ಅಕ್ಕ-ಭಾವನಿಗೆ ಅಷ್ಟರಲ್ಲಿ ಇಲ್ಲಿ ಕಾಯಂ ವಾಸದ ಅನುಮತಿ ಸಿಕ್ಕಿತ್ತು. ಖಾತೆಯ ವಿಷಯ ಅವರಿಗೂ ಮರೆತುಹೋಗಿತ್ತು. ಈ ಸಲದ ಹುಟ್ಟುಹಬ್ಬಕ್ಕೆ ರೈಲ್‌ಕಾರ್ಡ್ ಕೊಟ್ಟೆ, ಒಂದು ಸಂಜೆ ಜೊತೆಗೆ ಕೂತು ಅರ್ಜಿ ತುಂಬಿಸಿದೆ. ಕೆಲವು ವಾರಗಳಲ್ಲಿ ಕಾಗದ ಬಂತು. ಕೆಲವು ನೂರು ಪೌಂಡ್ ಇತ್ತು.

ಕೊಡುವವರಿಗೆ ಎರಡು ಮಾತು

ತೆರಿಗೆಯ ಮಟ್ಟಿಗೆ: ಒಬ್ಬರು ವರ್ಷಕ್ಕೆ ಒಟ್ಟು 3,000 ಪೌಂಡ್‌ವರೆಗೆ ಕೊಟ್ಟದ್ದು ಉತ್ತರಾಧಿಕಾರ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಬಳಸದ ಮಿತಿಯನ್ನು ಮುಂದಿನ ಒಂದು ವರ್ಷಕ್ಕೆ ಒಯ್ಯಬಹುದು. ಅದಕ್ಕೂ ಹೆಚ್ಚು ಕೊಟ್ಟರೆ, ಕೊಟ್ಟವರು ಏಳು ವರ್ಷ ಬದುಕಿದ್ದರೆ ಸಾಮಾನ್ಯವಾಗಿ ತೆರಿಗೆಯಿಲ್ಲ. ದೊಡ್ಡ ಮೊತ್ತವಾದರೆ ದಿನಾಂಕ ಬರೆದಿಡಿ. ಈ ನಿಯಮಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಹಾಗಾಗಿ ಕೊಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಇದು ಮಾಹಿತಿ, ನಿಮ್ಮೊಬ್ಬರ ಪರಿಸ್ಥಿತಿಗೆ ಕೊಟ್ಟ ಸಲಹೆಯಲ್ಲ.

ಮನಸ್ಸಿನ ಮಟ್ಟಿಗೆ: ಕೊಡುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ. ಇದನ್ನು ಅವರು ನನಗೆ ಇಷ್ಟವಿಲ್ಲದ ಕಡೆ ಖರ್ಚು ಮಾಡಿದರೂ ನಾನು ಸುಮ್ಮನಿರಬಲ್ಲೆನೇ? ಇಲ್ಲ ಎಂದಾದರೆ ಮೊತ್ತ ಕಡಿಮೆ ಮಾಡಿ, ಸುಮ್ಮನಿರಬಲ್ಲಷ್ಟು ಕೊಡಿ.

ಆ ಕೆಲವು ನೂರು ಪೌಂಡನ್ನು ಹುಡುಗ ಏನು ಮಾಡಿದ? ನಾನು ಕೇಳಿಲ್ಲ. ಮೊನ್ನೆ ಅವನೇ ಫೋನ್ ಮಾಡಿದ್ದ, ಅರ್ಧ ಗಂಟೆ ಮಾತಾಡಿದೆವು, ಆಗಲೂ ಕೇಳಲಿಲ್ಲ. ನನ್ನಂಥವನಿಗೆ ಇದು ಸುಲಭವಲ್ಲ.