ಬೆರಿಲಿಯಂನ ಪಾತಾಳಯಾತ್ರೆ

ಭೂಮಿಯ ಹೊರಪದರವು ಹಲವು ಬೃಹತ್ ಶಿಲಾಫಲಕಗಳಾಗಿ ಒಡೆದುಕೊಂಡಿದೆ. ಸಾಗರತಳದ ಫಲಕವೊಂದು ಮತ್ತೊಂದರ ಅಡಿಗೆ ಜಾರಿ ಭೂಗರ್ಭಕ್ಕೆ ಇಳಿಯುವಲ್ಲಿ ಆಳವಾದ ಕಂದಕವೂ ಅದಕ್ಕೆ ಸಮಾನಾಂತರವಾಗಿ ಜ್ವಾಲಾಮುಖಿಗಳ ಸಾಲೂ ಕಾಣುತ್ತವೆ. ಇಳಿಯುವ ಫಲಕದ ಮೇಲಿನ ಕೆಸರು ಏನಾಗುತ್ತದೆ? ಕಂದಕದ ಅಂಚಿನಲ್ಲೇ ಉಳಿಯುವುದೋ, ಫಲಕದೊಡನೆ ಪಾತಾಳ ಸೇರುವುದೋ? ನೂರು ಕಿಲೋಮೀಟರ್ ಆಳಕ್ಕೆ ಕೊರೆದು ನೋಡುವುದು ಅಸಾಧ್ಯ. ಈ ಪ್ರಶ್ನೆಗೆ ಉತ್ತರ ದೊರೆತದ್ದು ಬೆರಿಲಿಯಂ-10 ಎಂಬ ಪರಮಾಣುವಿನಿಂದ.

ಒಂದೇ ಧಾತುವಿಗೆ ಸೇರಿದ್ದು ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳೇ ಐಸೋಟೋಪುಗಳು. ಬಂಡೆಗಳಲ್ಲಿರುವ ಸಾಮಾನ್ಯ ಬೆರಿಲಿಯಂನ ತೂಕ 9. ಬೆರಿಲಿಯಂ-10 ಜನಿಸುವುದು ಮುಖ್ಯವಾಗಿ ವಾಯುಮಂಡಲದಲ್ಲಿ, ವಿಶ್ವಕಿರಣಗಳು ಸಾರಜನಕ ಹಾಗೂ ಆಮ್ಲಜನಕದ ಪರಮಾಣುಗಳನ್ನು ಒಡೆದಾಗ. ಮಳೆಯೊಡನೆ ಇಳಿದು ಅದು ಸಾಗರತಳದ ಕೆಸರನ್ನು ಸೇರುತ್ತದೆ. ಸುಮಾರು 14 ಲಕ್ಷ ವರ್ಷಗಳಿಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಒಂದು ಕೋಟಿ ವರ್ಷಗಳ ನಂತರ ಶೇಕಡಾ ಒಂದು ಪಾಲೂ ಉಳಿಯದು. ಆದ್ದರಿಂದ ಭೂಗರ್ಭದ ಪುರಾತನ ಶಿಲೆಗಳಲ್ಲಿ ಅದು ಇರಲಾರದು. ಹೊಸ ಲಾವಾದಲ್ಲಿ ಅದು ಕಂಡುಬಂದರೆ ಮೇಲಿನಿಂದಲೇ ಹೋಗಿರಬೇಕು.

ಅಮೆರಿಕದ ಕಾರ್ನೆಗಿ ಸಂಸ್ಥೆಯ ಫೌವಾದ್ ತೇರಾ, ಲೂಯಿ ಬ್ರೌನ್, ಜೂಲಿ ಮಾರಿಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಲಾವಾ ತಣಿದ ಮೇಲೆ ಮಳೆನೀರು ತಾಗಿದರೂ ಬೆರಿಲಿಯಂ-10 ಸೇರಬಹುದಾದ್ದರಿಂದ, ಈಚಿನ ಸ್ಫೋಟಗಳ ಕೆಡದ ಶಿಲೆಗಳನ್ನೇ ಆಯ್ದುಕೊಳ್ಳಬೇಕಿತ್ತು. ಫಲಕ ಇಳಿಯದ ಪ್ರದೇಶಗಳ ಲಾವಾದಲ್ಲಿ ಒಂದು ಗ್ರಾಂಗೆ ಹತ್ತು ಲಕ್ಷಕ್ಕಿಂತ ಕಡಿಮೆ ಪರಮಾಣುಗಳಿದ್ದವು. ಮಧ್ಯ ಅಮೆರಿಕದ ಕೆಲವು ಮಾದರಿಗಳಲ್ಲಾದರೋ ಒಂದು ಕೋಟಿಯನ್ನೂ ಮೀರಿದ್ದವು. ಕೆಸರು ಪಾತಾಳಕ್ಕಿಳಿದು, ಕೆಲವೇ ದಶಲಕ್ಷ ವರ್ಷಗಳಲ್ಲಿ ಜ್ವಾಲಾಮುಖಿಯ ಮೂಲಕ ಅದರ ಅಂಶ ಮರಳಿದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಆದರೆ ಎಲ್ಲೆಡೆಯೂ ಹೀಗಿಲ್ಲ. ನಿಕರಾಗುವಾ ಮತ್ತು ಕೋಸ್ಟರಿಕಾ ನೆರೆಯ ದೇಶಗಳು. ಎರಡರ ಅಡಿಗೂ ಇಳಿಯುವುದು ಕೋಕೋಸ್ ಫಲಕವೇ. ಆದರೂ ನಿಕರಾಗುವಾದ ಲಾವಾದಲ್ಲಿ ಬೆರಿಲಿಯಂ-10 ಹೇರಳ, ಕೋಸ್ಟರಿಕಾದಲ್ಲಿ ಅತ್ಯಲ್ಪ. 1996ರಲ್ಲಿ ಕೋಸ್ಟರಿಕಾದ ಕರಾವಳಿಯಾಚೆ ಸಾಗರತಳವನ್ನು ಕೊರೆದಾಗ, ಕೆಸರಿನ ಪದರಗಳು ಕಂದಕದ ಅಂಚಿನಲ್ಲಿ ಉಳಿಯದೆ ಕೆಳಗೆ ಸರಿಯುತ್ತಿರುವುದು ಕಂಡುಬಂತು. ಅಂದರೆ ವ್ಯತ್ಯಾಸ ಉಂಟಾಗುವುದು ಇನ್ನೂ ಆಳದಲ್ಲಿ. ಮೇಲಿನ ಎಳೆಯ ಕೆಸರು ಅಲ್ಲಿ ಭೂಖಂಡದ ತಳಕ್ಕೆ ಅಂಟಿಕೊಳ್ಳುತ್ತಿರಬಹುದು, ಇಲ್ಲವೇ ಮೇಲಿನ ಫಲಕದಿಂದ ಸವೆದ ಹಳೆಯ ಶಿಲೆ ಬೆರೆತು ಅದರ ಅಂಶ ತೆಳುವಾಗುತ್ತಿರಬಹುದು ಎಂಬುದು ವಿಜ್ಞಾನಿಗಳ ವಿವರಣೆ.

ಇದು ಕೇವಲ ಕುತೂಹಲದ ವಿಷಯವಲ್ಲ. ಇಳಿಯುವ ಫಲಕ ಕೆಸರಿನೊಡನೆ ನೀರನ್ನೂ ಒಯ್ಯುತ್ತದೆ. ಆ ನೀರು ಶಿಲೆಯ ಕರಗುವ ಉಷ್ಣತೆಯನ್ನು ತಗ್ಗಿಸಿ ಶಿಲಾರಸವನ್ನು ಹುಟ್ಟಿಸುತ್ತದೆ. ಮೇಲೇರಿದಾಗ ಆವಿಯಾಗಿ ಹಿಗ್ಗಿ ಸ್ಫೋಟಕ್ಕೂ ಕಾರಣವಾಗುತ್ತದೆ. 1992ರಲ್ಲಿ ನಿಕರಾಗುವಾದ ಸೆರ್ರೊ ನೀಗ್ರೊ ಜ್ವಾಲಾಮುಖಿ ಲಿಯೋನ್ ನಗರದ ಮೇಲೆ ಬೂದಿ ಸುರಿಸಿತ್ತು. ಅಂಥ ಬೆಟ್ಟಗಳ ಒಡಲಿಗೆ ಇಂಧನ ಎಲ್ಲಿಂದ ಬರುತ್ತದೆ ಎಂಬುದರ ಸುಳಿವನ್ನು, ಎಂದೋ ಸುರಿದ ಮಳೆಯ ಪರಮಾಣುಗಳು ಹೊತ್ತು ತರುತ್ತಿವೆ.