ಕೈಯಲ್ಲಿ ಕಾಸಿಲ್ಲದಿದ್ದರೂ ವಕೀಲರುಂಟು

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಕೀಲರ ಫೀಜು, ಕೋರ್ಟು ಶುಲ್ಕ, ಕಾಗದಪತ್ರಗಳ ನಕಲಿನ ಖರ್ಚು, ತಾರೀಖಿಗೊಮ್ಮೆ ತಪ್ಪುವ ಕೂಲಿ, ಇವನ್ನೆಲ್ಲ ಕೂಡಿಸಿ ನೋಡಿದ ಬಡವನು, ತನ್ನ ಹೊಲದ ಬದುವನ್ನು ನೆರೆಯವನು ಒತ್ತಿದರೂ ‘ದೇವರು ನೋಡಿಕೊಳ್ಳುತ್ತಾನೆ’ ಎಂದು ಸುಮ್ಮನಾಗುತ್ತಾನೆ.

ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ವಿಧವೆಯೊಬ್ಬಳನ್ನು ಊಹಿಸಿಕೊಳ್ಳಿ. ಗಂಡನ ಪಾಲಿಗೆ ಬಂದಿದ್ದ ನಾಲ್ಕು ಎಕರೆ ಎರೆಹೊಲ ಅವನು ತೀರಿಕೊಂಡ ಮೇಲೆ ಉತಾರದಲ್ಲಿ ಮೈದುನನ ಹೆಸರಿಗೆ ಏರಿದೆ. ದಾವೆ ಹೂಡಬೇಕೆಂದರೆ ಹಣವಿಲ್ಲ. ಸರ್ಕಾರದ ಖರ್ಚಿನಲ್ಲಿ ವಕೀಲರು ದೊರೆಯುವರಂತೆ ಎಂದು ಅವಳು ವಿಚಾರಿಸಿದರೆ, ಊರಿನ ತಿಳಿದವರೊಬ್ಬರು, “ನಿನ್ನ ಕಡೆ ಬಡವರ ಕಾರ್ಡ್ ಇಲ್ಲ ಯವ್ವಾ, ನಿನಗ ಪುಕ್ಕಟೆ ವಕೀಲರು ಎಲ್ಲಿ ಸಿಗ್ತಾರ?” ಎನ್ನುತ್ತಾರೆ. ಅವಳು ತಲೆಬಾಗಿಸಿ ಹಿಂದಿರುಗುತ್ತಾಳೆ.

ಆದರೆ ಆ ತಿಳಿದವರ ಮಾತು ತಪ್ಪು. ಉಚಿತ ಕಾನೂನು ನೆರವಿನ ವಿಷಯದಲ್ಲಿ ಜನರು ಮಾಡುವ ಅತಿ ದೊಡ್ಡ ತಪ್ಪೂ ಇದೇ. ಆ ನೆರವು ದೊರೆಯಲು ಅವಳಿಗೆ ಬಡವರ ಕಾರ್ಡೂ ಬೇಕಿಲ್ಲ, ವರಮಾನದ ಲೆಕ್ಕವೂ ಬೇಕಿಲ್ಲ. ಅವಳು ಹೆಂಗಸು ಎಂಬುದೊಂದೇ ಸಾಕು.

ಹಕ್ಕು ಬಂದ ಬಗೆ

ಕೇಳುವವರಿಲ್ಲದ ಅಹವಾಲಿನ ಕಹಿಯನ್ನು ಈ ಸೀಮೆ ಹಿಂದೆಯೇ ಉಂಡಿದೆ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿಯ ಅಧಿಕಾರಿಗಳು ಒಪ್ಪದೆ ಹೋದಾಗ, ರಾಣಿ ಚೆನ್ನಮ್ಮನ ವಾದವನ್ನು ತೂಗಿ ನೋಡುವ ನಿಷ್ಪಕ್ಷಪಾತಿ ನ್ಯಾಯಪೀಠವೊಂದು ಇರಲಿಲ್ಲ. ಮುಂದಿನ ಕಥೆಗೆ ಬೈಲಹೊಂಗಲದಲ್ಲಿರುವ ಆಕೆಯ ಸಮಾಧಿಯೇ ಸಾಕ್ಷಿ.

ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ 1949ರಲ್ಲಿ, ಬಡವರಿಗೆ ಕಾನೂನು ನೆರವು ಒದಗಿಸುವ ಬಗೆಯನ್ನು ಪರಿಶೀಲಿಸಲು ಆ ಪ್ರಾಂತದಲ್ಲಿ ನ್ಯಾಯಮೂರ್ತಿ ಎನ್. ಎಚ್. ಭಗವತಿಯವರ ನೇತೃತ್ವದಲ್ಲಿ ಸಮಿತಿಯೊಂದು ನೇಮಕವಾಯಿತು. ಅವರ ಮಗ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಮುಂದೆ ಇದೇ ಕಾರ್ಯಕ್ಕೆ ದೇಶದಾದ್ಯಂತ ಚಾಲನೆಯಿತ್ತರು. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ 39-ಎ ಅನುಚ್ಛೇದ ಸೇರಿತು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂಬುದು ಅದರ ಸಾರ. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ ಅಂಗೀಕೃತವಾಗಿ, 1995ರ ನವೆಂಬರ್ 9ರಂದು ಜಾರಿಗೆ ಬಂದಿತು.

ಯಾರು ಅರ್ಹರು?

ಈ ಅಧಿನಿಯಮದ 12ನೆಯ ಕಲಮು ಅರ್ಹರನ್ನು ಹೆಸರಿಸುತ್ತದೆ. ಅವರಲ್ಲಿ ಬಹುಮಂದಿಗೆ ವರಮಾನದ ಮಿತಿಯೇ ಇಲ್ಲ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಮಾರಾಟಕ್ಕೂ ಬಿಟ್ಟಿ ದುಡಿಮೆಗೂ ಬಲಿಯಾದವರು, ಇವರೆಲ್ಲರೂ ಅರ್ಹರು. ಎಲ್ಲಮ್ಮನ ಗುಡ್ಡದ ಸುತ್ತಿನಲ್ಲಿ 1982ರ ಕಾಯಿದೆಯಿಂದ ನಿಷೇಧಗೊಂಡ ದೇವದಾಸಿ ಪದ್ಧತಿಗೆ ಹಿಂದೆ ಸಿಲುಕಿದ ತಾಯಂದಿರು ತಮ್ಮ ಹಕ್ಕನ್ನು ಕೇಳಬೇಕಾದಾಗಲೂ ಈ ಬಾಗಿಲು ತೆರೆದೇ ಇದೆ. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ವಿಚಾರಣೆಯನ್ನು ಎದುರುನೋಡುತ್ತಿರುವ ಕೈದಿಗೂ ಅದೇ ಹಕ್ಕುಂಟು.

ತಮ್ಮ ತಪ್ಪಿಲ್ಲದೆ ಆಪತ್ತಿಗೆ ಸಿಲುಕಿದವರನ್ನೂ ಕಾಯಿದೆ ಮರೆತಿಲ್ಲ. ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯ ಮೊದಲಾದವುಗಳಿಂದ ನೊಂದವರು ಈ ವರ್ಗಕ್ಕೆ ಸೇರುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಾಗ ಮನೆ ಕಳೆದುಕೊಂಡವರಲ್ಲಿ, ಪರಿಹಾರದ ತಕರಾರಿಗೆ ವಕೀಲರನ್ನು ಕೇಳುವ ಹಕ್ಕು ತಮಗಿದೆಯೆಂದು ಬಲ್ಲವರು ಎಷ್ಟು ಮಂದಿ?

ಈ ಯಾವ ವರ್ಗಕ್ಕೂ ಸೇರದವರಿಗೆ ಮಾತ್ರ ವರಮಾನದ ಪ್ರಶ್ನೆ ಬರುತ್ತದೆ. ಕರ್ನಾಟಕದಲ್ಲಿ ಆ ಮಿತಿ ವರ್ಷಕ್ಕೆ 3 ಲಕ್ಷ ರೂಪಾಯಿ. ಸುಪ್ರೀಂ ಕೋರ್ಟಿನ ಮೊಕದ್ದಮೆಗಳಿಗೆ 5 ಲಕ್ಷ. ವರಮಾನದ ಬಗೆಗೆ ಅರ್ಜಿದಾರನು ಸಲ್ಲಿಸುವ ಅಫಿಡವಿಟ್ಟನ್ನೇ ಸಾಕೆಂದು ಒಪ್ಪಬಹುದು. ಅದನ್ನು ನಂಬದಿರಲು ಕಾರಣವಿದ್ದರೆ ಮಾತ್ರ ಹೆಚ್ಚಿನ ವಿಚಾರಣೆ.

ಎಲ್ಲಿ, ಹೇಗೆ?

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಅಲ್ಲಿನ ಹಿರಿಯ ನ್ಯಾಯಾಧೀಶರೇ ಅವುಗಳ ಅಧ್ಯಕ್ಷರು. ಬಹುಕಾಲ ಬೈಲಹೊಂಗಲ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಕಿತ್ತೂರಿನವರೂ ಸೇರಿ ಎಲ್ಲರೂ ಬೆಳಗಾವಿಯ ಜಿಲ್ಲಾ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಕೊಡಬಹುದು. 15100 ಎಂಬ ದೂರವಾಣಿ ಸಂಖ್ಯೆಯಲ್ಲೂ ಸಲಹೆ ದೊರೆಯುತ್ತದೆ. ಅಕ್ಷರ ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು.

ಅರ್ಜಿ ಮಂಜೂರಾದರೆ ವಕೀಲರ ಸಂಭಾವನೆ, ಕೋರ್ಟು ಶುಲ್ಕ, ನಕಲು ಮತ್ತು ಭಾಷಾಂತರದ ಖರ್ಚು ಸಮಿತಿಯದು. ನೇಮಕಗೊಂಡ ವಕೀಲರು ಕಕ್ಷಿಗಾರನಿಂದ ಹಣವನ್ನಾಗಲಿ ವಸ್ತುವನ್ನಾಗಲಿ ಪಡೆಯಕೂಡದು.

ಆದರೆ ಅರ್ಹತೆಯಿದ್ದ ಮಾತ್ರಕ್ಕೆ ಎಲ್ಲ ವ್ಯಾಜ್ಯಕ್ಕೂ ನೆರವು ದೊರೆಯದು. ಮೇಲುನೋಟಕ್ಕಾದರೂ ಅದರಲ್ಲಿ ಹುರುಳಿರಬೇಕು. ಸುಳ್ಳು ಹೇಳಿ ಪಡೆದ ನೆರವನ್ನು ಹಿಂದಕ್ಕೆ ಪಡೆಯಬಹುದು. ಉಚಿತವೆಂದ ಮಾತ್ರಕ್ಕೆ ತಾರೀಖುಗಳೂ ಕಡಮೆಯಾಗವು. ಬೇಗ ಮುಗಿಯಲೆಂದು ಬಯಸುವವರಿಗೆ ಲೋಕ ಅದಾಲತ್ತಿನ ರಾಜಿಯ ದಾರಿಯುಂಟು; ಅಲ್ಲಿ ತೀರ್ಮಾನವಾದರೆ ಕಟ್ಟಿದ ಕೋರ್ಟು ಶುಲ್ಕವೂ ಮರಳುತ್ತದೆ. ಆದರೆ ಆ ತೀರ್ಪಿಗೆ ಮೇಲ್ಮನವಿಯಿಲ್ಲವಾದ್ದರಿಂದ ರುಜು ಹಾಕುವ ಮುನ್ನ ನಾಲ್ಕು ಬಾರಿ ಯೋಚಿಸುವುದು ಲೇಸು.

ತಿಳಿಸುವ ಹೊಣೆ

1986ರಲ್ಲಿ ಸುಖದಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಸ್ಮರಣೀಯ ತೀರ್ಪನ್ನಿತ್ತಿತು. ಆರೋಪಿ ವಕೀಲರನ್ನು ಕೇಳಲಿಲ್ಲವೆಂಬುದು ನೆರವು ಕೊಡದಿರಲು ನೆಪವಾಗದು. ತನಗೆ ಹಕ್ಕಿದೆಯೆಂದು ಅರಿಯದವನು ಅದನ್ನು ಕೇಳುವುದಾದರೂ ಹೇಗೆ ಎಂಬ ವಿಚಾರದಿಂದ ನ್ಯಾಯಾಲಯವು ಅವನಿಗಾಗಿದ್ದ ಶಿಕ್ಷೆಯನ್ನೇ ರದ್ದುಪಡಿಸಿತು. ನ್ಯಾಯಾಧೀಶರ ಮೇಲಿರುವ ಈ ತಿಳಿಸುವ ಹೊಣೆಯಲ್ಲಿ ಓದುಬಲ್ಲವರಿಗೂ ಒಂದು ಪಾಲುಂಟಲ್ಲವೆ? ಮುಸುರೆ ತಿಕ್ಕಲು ಬರುವಾಕೆಯ ಗಂಡ ಜೀವನಾಂಶ ಕೊಡದಿರಬಹುದು. ಪೇಟೆಯ ಹಮಾಲನ ಮಗ ಪೋಲೀಸರ ವಶದಲ್ಲಿರಬಹುದು. ಸ್ವಂತ ಮನೆಯಲ್ಲೇ ತವರಿನ ಪಾಲಿಗಾಗಿ ಮೌನವಾಗಿ ನೋಯುತ್ತಿರುವ ಗೃಹಿಣಿಯಿರಬಹುದು; ಗಂಡನ ಸಂಬಳವೆಷ್ಟೇ ಇರಲಿ, ಅವಳೂ ಅರ್ಹಳೇ.

ಸವದತ್ತಿಯ ಹಾದಿಯಲ್ಲಿ ಹಿಂದಿರುಗಿ ಹೋದ ಆ ವಿಧವೆಗೆ ಬೇಕಾಗಿದ್ದುದು ಹಣವಲ್ಲ. “ನಿನಗೆ ಹಕ್ಕುಂಟು, ನ್ಯಾಯಾಲಯದ ಸಮಿತಿಗೆ ಒಂದು ಅರ್ಜಿ ಕೊಡು ತಾಯಿ” ಎಂದು ಹೇಳುವ ಒಬ್ಬರು ಬೇಕಾಗಿದ್ದರು.